ಹಿಂಜರಿತಕ್ಕೆ ಒಂದು ಮುಖ ಬೇಕಿತ್ತು

ನಾನು ಮೊದಲ ಸಲ ಮನೆ ಬಿಟ್ಟದ್ದು ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಬುಧವಾರ. ಕಂಪಾಸ್ ಪೆಟ್ಟಿಗೆ ಹಿಡಿದೇ ಹೆಂಚಿನ ಲಾರಿ ಹತ್ತಿದ್ದೆ. ಆಮೇಲೆ ಸೇರಿದ ಕಾರ್ಖಾನೆ ಮುಚ್ಚಿತು, ವಿಡಿಯೊ ಅಂಗಡಿ ಮುಚ್ಚಿತು, ಟೈಪಿಂಗ್ ಶಾಲೆಯೂ ಮುಚ್ಚಿತು. ನಾನು ಹೋದಲ್ಲೆಲ್ಲ ಹೀಗೇ. ಈಗ ಪತ್ರಿಕೆಯೊಂದಕ್ಕೆ ಕುಂದಾಪುರದ ವರದಿಗಾರ. ಮಂಗಳೂರಿನಿಂದ ಸಂಪಾದಕರ ಫೋನು: "ವಾರಕ್ಕೊಂದು ಆರ್ಥಿಕ ಹಿಂಜರಿತದ ಸುದ್ದಿ ಬೇಕು. ಅಂಕಿಅಂಶ ಬೇಡ, ಒಂದು ಮುಖ ಬೇಕು. ಇಲ್ಲದಿದ್ದರೆ ಮುಚ್ಚುವ ಕಚೇರಿಗಳಲ್ಲಿ ನಿಮ್ಮದೇ ಮೊದಲು."

ನಗುವ ಅಕ್ಕ

ಬೀಜಾಡಿಯಲ್ಲಿ ಮೀನು ಮಾರುವ ಅಕ್ಕನ ಬುಟ್ಟಿ ಹೊತ್ತೇರಿದರೂ ಖಾಲಿಯಾಗಿರಲಿಲ್ಲ. "ಫೋಟೋಕ್ಕೆ ಸ್ವಲ್ಪ ಬೇಸರದ ಮುಖ ಮಾಡಿ," ಅಂದೆ.

"ಬ್ಯಾಸರ ಇತ್ತ್ ಮಾರಾಯ. ಆರೆ ನಾನ್ ಮೋರಿ ಇಳ್ಸ್ಕಂಡ್ ಕೂತ್ರೆ ಮೀನ್ ಹಳತ್ ಅಂದೇಳಿ ಜನ ಹತ್ರವೇ ಬತ್ತಿಲ್ಲ."

ಹಲ್ಲು ತೋರಿಸಿಯೇ ಫೋಟೋಕ್ಕೆ ಕೂತಳು. ಸಂಪಾದಕರು ಒಪ್ಪಲಿಲ್ಲ: "ಇದು ಹಿಂಜರಿತವಲ್ಲ, ಟೂತ್‌ಪೇಸ್ಟಿನ ಜಾಹೀರಾತು." ಮರುದಿನ ಅಕ್ಕನಿಗೆ ಹೇಳಿದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು.

"ನಿನ್ ಮೋರಿ ಸಮ ಇತ್ತಲ್ದಾ, ಅದನ್ನೇ ಕಳ್ಸ್."

ನಾಲ್ಕು ದಿನದ ರಜೆ

ಬ್ರಹ್ಮಾವರದ ಕಡೆ ಗೇರುಬೀಜದ ಕಾರ್ಖಾನೆಯೊಂದು ವಾರಕ್ಕೆ ಮೂರೇ ದಿನ ಕೆಲಸ ಕೊಡುತ್ತಿತ್ತು. ಬರೆದು ಕಳಿಸಿದೆ. ಅದೇ ಪುಟಕ್ಕೆ ಬಟ್ಟೆ ಅಂಗಡಿಯ ದೊಡ್ಡ ಜಾಹೀರಾತು ಬಂದಿತ್ತಂತೆ. "ಪಕ್ಕದಲ್ಲಿ ಹಿಂಜರಿತ ಅಂತಿದ್ದರೆ ಸೀರೆ ಯಾರು ಕೊಳ್ಳುತ್ತಾರೆ?" ಎಂದರು ಸಂಪಾದಕರು. ತಲೆಬರಹ ಹೀಗೆ ಬಂತು: "ಮಹಿಳಾ ಕಾರ್ಮಿಕರಿಗೆ ಮನೆಯವರೊಂದಿಗೆ ಕಳೆಯಲು ನಾಲ್ಕು ದಿನ."

ಕಾರ್ಖಾನೆಯ ಹೆಂಗಸೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದಳು.

"ಹ್ವಾಯ್ ಪೇಪರಿನವ್ರೇ, ನಮ್ ಗಂಡಂಗೂ ಕೆಲ್ಸ ಇಲ್ಲ. ನಾಕ್ ದಿನ ಅವ್ರ ಮೋರಿ ಕಂಡ್ಕಂಡ್ ಇಪ್ಪುದು ರಜೆ ಅಂದೇಳಿ ಬರ್ದದ್ದ್ ಯಾರ್?"

ಬಸ್ರೂರಿನ ಶಟರ್

ಮುಖದ ಸಹವಾಸವೇ ಬೇಡವೆಂದು ಬಸ್ರೂರಿನಲ್ಲಿ ಮುಚ್ಚಿದ್ದ ಜಿನಸಿ ಅಂಗಡಿಯೊಂದರ ಫೋಟೋ ಕಳಿಸಿದೆ. "ಹಿಂಜರಿತಕ್ಕೆ ಬಾಗಿಲು ಮುಚ್ಚಿದ ಅಂಗಡಿ" ಎಂದು ಮುಖಪುಟದಲ್ಲೇ ಬಂತು. ಸಂಪಾದಕರು ಮೊದಲ ಸಲ ಹೊಗಳಿದರು.

ನಾನು ಹೋದದ್ದು ಮಧ್ಯಾಹ್ನ ಎರಡಕ್ಕೆ. ನಮ್ಮ ಕಡೆ ಆ ಹೊತ್ತಿಗೆ ಅಂಗಡಿಯವರು ಉಂಡು ಮಲಗುತ್ತಾರೆಂಬುದು ಊರೂರು ತಿರುಗಿದವನಿಗೆ ಮರೆತೇಹೋಗಿತ್ತು. ಪೇಪರು ನೋಡಿ ಅಂಗಡಿಯವನ ಮಾವ ಸಮಾಧಾನ ಹೇಳಲು ಕಿರಿಮಂಜೇಶ್ವರದಿಂದ ಬಾಳೆಗೊನೆ ಹೊತ್ತು ಬಂದರಂತೆ.

"ಅಂಗಡಿ ಮುಚ್ಚಿದ್ರೂ ಇಷ್ಟ್ ನಷ್ಟ ಆತಿರ್ಲಿಲ್ಲ ಮರ್ರೆ," ಎಂದ ಅಂಗಡಿಯವ. "ಮಾವ ಎಂಟ್ ದಿನ ಉಳ್ದ್ರ್."

ಸಮಾಧಾನ

ಬಸ್ರೂರಿನ ಅಂಗಡಿ ಮುಚ್ಚಿಲ್ಲವೆಂದು ಪತ್ರಿಕೆಯ ತಪ್ಪೊಪ್ಪಿಗೆ ಅಚ್ಚಾದ ವಾರವೇ ಸಂಪಾದಕರು ಫೋನ್ ಮಾಡಿ ಕುಂದಾಪುರದ ಕಚೇರಿ ಮುಚ್ಚುತ್ತೇವೆ ಅಂದರು.

"ಸುದ್ದಿ ಮಾಡಲಾ ಸಾರ್? ಮುಖವೂ ಸಿದ್ಧ ಇದೆ."

"ಬೇಡ. 'ಕುಂದಾಪುರದ ಓದುಗರಿಗೆ ಇನ್ನು ಮಂಗಳೂರಿನಿಂದಲೇ ಸೇವೆ' ಅಂತ ನಾಲ್ಕು ಸಾಲು ಬರೆದುಬಿಡಿ."

ಬರೆದೆ. ಎರಡು ಅಂಗಿ, ಒಂದು ಪಂಚೆ ಚೀಲಕ್ಕೆ ತುಂಬಿ ಶಟರ್ ಎಳೆಯುವಾಗ ಸ್ಕೂಟರೊಂದು ನಿಂತಿತು. ಬಸ್ರೂರಿನ ಅಂಗಡಿಯವ.

"ಎಂತ ಹ್ವಾಯ್, ಮಧ್ಯಾಹ್ನದ ನಿದ್ರಿಯಾ?"

"ಅಲ್ಲ. ಮುಚ್ಚಿದ್ದೇ."

ಅವನು ಇಳಿದು ಮೊಬೈಲು ತೆಗೆದ. "ಅಲ್ಲೇ ನಿಲ್ಲಿ. ಮೋರಿ ಹಾಂಗೇ ಇರ್ಲಿ." ಕ್ಲಿಕ್ಕಿಸಿ, ಒಮ್ಮೆ ನೋಡಿ ತಲೆದೂಗಿದ. "ಲಾಯ್ಕ್ ಬಂತ್. ನಮ್ ಮಾವಂಗೆ ಕಳಿಸ್ತೆ. ಈ ಸಲ ಸಮಾಧಾನ ಹೇಳುಕೆ ನಿಮ್ಮಲ್ಲಿಗೆ ಬರ್ಲಿ."

ನಾನು ಚೀಲ ಹೆಗಲಿಗೇರಿಸಿದೆ. ಮಾವನ ಬಸ್ಸು ಕಿರಿಮಂಜೇಶ್ವರದಿಂದ ಬರುವ ಮೊದಲು ಊರು ಬಿಡಬೇಕಿತ್ತು.