ಕುದುರೆಯ ಎದೆಯ ಸುಳಿ

ವಿಲಾಯತಿಯಲ್ಲಿ ಯಾರೋ ಇಬ್ಬರು ಬಾದಶಹರು ಜಗಳ ಹೂಡಿಕೊಂಡರೆ ಭಾಲ್ಕಿಯ ಹಾವಗೆಪ್ಪ ಯಾಕೆ ನಡೆದು ನಡೆದು ಸಾಯಬೇಕು? ನ್ಯಾಯವಾಗಿ ನೋಡಿದರೆ ನನಗೂ ಆ ಲಡಾಯಿಗೂ ಯಾವ ಸಂಬಂಧವೂ ಇಲ್ಲ. ಆದರೆ ಲಡಾಯಿಗೆ ಕುದುರೆ ಬೇಕಂತೆ. ಫೌಜಿನವರು ಬಂದು ನಮ್ಮ ಸೀಮೆಯಲ್ಲಿ ನಾಲ್ಕು ಕಾಲು ನೆಟ್ಟಗಿದ್ದ ಕುದುರೆಗಳನ್ನೆಲ್ಲ ಖರೀದಿಸಿ, ಹಡಗು ಹತ್ತಿಸಿ, ಬಸ್ರಾ ಕಡೆಗೆ ಕಳಿಸಿಬಿಟ್ಟರು. ಉಳಿದವುಗಳ ದರ ಮುಗಿಲು ಮುಟ್ಟಿತು. ಮೊದಲು ಅರವತ್ತು ರೂಪಾಯಿಗೆ ಜೀನು ಸಮೇತ ಸಿಗುತ್ತಿದ್ದ ಕುದುರೆಗೆ ಈಗ ಬೀದರಿನ ಬಜಾರಿನಲ್ಲಿ ನೂರೈವತ್ತು ಹೇಳುತ್ತಾರೆ. ಅದೂ, ತೊಗೊಂಡರೆ ತೊಗೋ ಇಲ್ಲದಿದ್ದರೆ ದಾರಿ ಬಿಡು ಎನ್ನುವ ಗತ್ತಿನಲ್ಲಿ.

ಇಂಥ ಸುಮುಹೂರ್ತದಲ್ಲೇ ಸರ್ಕಾರದ ಕೃಪಾಕಟಾಕ್ಷ ನನ್ನ ಮೇಲೆ ಬೀಳಬೇಕೇ! ವರ್ಷಾನುಗಟ್ಟಲೆ ಕಚೇರಿಯ ಚಾಪೆಯ ಮೇಲೆ ಕುಳಿತು ಕಾಗದ ಗೀಚಿದ ನನ್ನನ್ನು ಗಿರ್ದಾವರ ಮಾಡುತ್ತೇವೆ ಎಂದರು. ಗಿರ್ದಾವರನೆಂದರೆ ಊರೂರು ತಿರುಗಿ ಹೊಲ, ಬೆಳೆ, ಗಡಿಕಲ್ಲು ತಪಾಸಣೆ ಮಾಡುವವನು. ಹಳ್ಳಿಯ ಲೆಕ್ಕ ಬರೆಯುವ ಪಟವಾರಿಗಳು ಎದ್ದು ನಿಂತು ಸಲಾಮು ಹೊಡೆಯಬೇಕಾದ ಮನುಷ್ಯ. ಔರಾದ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಶರತ್ತು ಒಂದೇ. ಸವಾರಿಗೆ ಸ್ವಂತದ ಒಳ್ಳೆಯ ಕುದುರೆ ಇಟ್ಟಿರಬೇಕು, ದಸರೆಗೆ ಮುಂಚೆ ಅದನ್ನು ಏರಿ ತಹಸೀಲ್ದಾರ ಸಾಹೇಬರಿಗೆ ತೋರಿಸಬೇಕು. ಕುದುರೆ ಇಲ್ಲದಿದ್ದರೆ ಹುದ್ದೆ ಇನ್ನೊಬ್ಬನಿಗೆ. ಕುದುರೆಯ ಸಲುವಾಗಿ ತಿಂಗಳಿಗೆ ಎಂಟು ರೂಪಾಯಿ ಭತ್ಯೆಯೂ ಉಂಟು (ಆ ಎಂಟು ರೂಪಾಯಿಯನ್ನು ಹುಕುಂ ಓದುತ್ತಿರುವಾಗಲೇ ನಾನು ಮನಸ್ಸಿನಲ್ಲಿ ಖರ್ಚು ಮಾಡಿ ಮುಗಿಸಿದ್ದೆ).

ನನ್ನ ಹೆಂಡತಿ ಶಿವಕಾಂತಾ ಚಿಂತಾಕಿಯ ಒಕ್ಕಲು ಮನೆಯ ಮಗಳು, ದನ ಕುದುರೆಗಳ ನಡುವೆ ಬೆಳೆದವಳು. ಹುಡುಗಿಗೆ ಮಾತು ಕಡಿಮೆ ಎಂದು ಅವಳ ತವರಿನವರು ಮದುವೆಗೆ ಮುಂಚೆ ಹೇಳಿದ್ದರು. ಆ ಮಾತಿನ ಮೇಲೆ ನಾನು ಇನ್ನೂ ದಾವೆ ಹೂಡಿಲ್ಲ.

"ನೂರೈವತ್ತಾದ್ರ ನೂರೈವತ್ತು, ಕೊಟ್ಟು ತರ್ರಿ. ಕೂಡಿಟ್ಟ ರೊಕ್ಕ ಮತ್ಯಾಕ ಅವ?" ಎಂದಳು.

"ರೊಕ್ಕ ಗಿಡದಾಗ ಬೆಳೀತಾವೇನು? ಬುದ್ಧಿ ಇದ್ದಂವ ಅರ್ಧಕ್ಕ ತರ್ತಾನ."

"ಹಂಗಾದ್ರ ಬುದ್ಧಿ ಇದ್ದಂವನ್ನ ಕಳಸ್ರಿ."

ಈ ಮಾತು ನನ್ನನ್ನು ಕೆಣಕಿತು. ಅರ್ಧಕ್ಕೆ ತಂದೇ ತೋರಿಸುತ್ತೇನೆ ಎಂದು ಪಣ ತೊಟ್ಟೆ. ಮರುದಿನ ಸ್ನಾನ ಮಾಡುತ್ತಿರುವಾಗ ದಿವ್ಯವಾದ ಉಪಾಯ ಹೊಳೆಯಿತು.

ನಮ್ಮ ಕಡೆ ಕುದುರೆ ಕೊಳ್ಳುವವರು ಹಲ್ಲು, ಗೊರಸು ನೋಡುವುದಕ್ಕಿಂತ ಮೊದಲು ಸುಳಿ ನೋಡುತ್ತಾರೆ. ಕುದುರೆಯ ಮೈಮೇಲೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡು ಸುಳಿಯಾಗಿದೆಯೋ ಅದರ ಮೇಲೆ ಯಜಮಾನನ ಹಣೆಬರಹ ನಿಂತಿದೆಯಂತೆ. ಒಂದು ಸುಳಿ ಜಹಗೀರು ಕೊಡಿಸುತ್ತದೆ, ಇನ್ನೊಂದು ಜೇಲು ಕಾಣಿಸುತ್ತದೆ. ಕೆಟ್ಟ ಸುಳಿ ಇದ್ದರೆ ಅರಬ್ಬಿ ಕುದುರೆಯನ್ನೂ ಯಾರೂ ಮೂಸಿ ನೋಡುವುದಿಲ್ಲ. ಬೀದರಿನಲ್ಲಿ ಈ ಶಾಸ್ತ್ರಕ್ಕೆ ಮಚ್ಛೇಂದ್ರ ಎಂಬವನ ಮಾತೇ ಕೊನೆಯ ಮಾತು. ನಾನು ಬಜಾರಿಗೆ ಕಾಲಿಡುವ ಮುಂಚೆಯೇ ಅವನ ಮನೆಗೆ ಹೋಗಿ ಕೈಯಲ್ಲಿ ಐದು ರೂಪಾಯಿ ಇಟ್ಟೆ. ನಾನು ಮೆಚ್ಚಿದ ಕುದುರೆಗೆ ಎಲ್ಲರ ಎದುರು ಏನಾದರೊಂದು ಸಣ್ಣ ದೋಷ ಹೇಳು, ದರ ಇಳಿಯಲಿ ಎಂದೆ. ಸಣ್ಣದು ಎಂದು ನಾನು ಒತ್ತಿ ಹೇಳಿದ್ದೆ. ಅದಕ್ಕೆ ದೇವರೇ ಸಾಕ್ಷಿ.

ಬಜಾರಿನಲ್ಲಿ ನಾನು ಮೆಚ್ಚಿದ್ದು ಧೊಂಡಿಬಾ ಎಂಬ ವ್ಯಾಪಾರಿಯ ಕೆಂಪು ಕುದುರೆ. ಎತ್ತರದ ನಿಲುವು, ತಿದ್ದಿದ ಹಾಗಿರುವ ಕಿವಿ, ನಿಂತರೆ ನಿಂತಲ್ಲೇ ದರ್ಬಾರು. ನೂರೈವತ್ತಕ್ಕೆ ಒಂದು ದುಡ್ಡು ಕಡಿಮೆ ಇಲ್ಲ ಎಂದ. ಆಗ ಮಚ್ಛೇಂದ್ರ ಯಾರೂ ಕರೆಯದೆ ಬಂದವನ ಹಾಗೆ ಬಂದು ಕುದುರೆಯ ಎದೆಯ ಮೇಲೆ ಬೆರಳಾಡಿಸಿದ. ಕಣ್ಣು ಮುಚ್ಚಿದ. ಆಮೇಲೆ ಕೆಂಡ ಮುಟ್ಟಿದವನಂತೆ ಕೈ ತೆಗೆದ.

"ಧೊಂಡಿಬಾ, ನಿನ್ನ ಮನ್ಯಾಕಿ ಆರಾಮ ಇದ್ದಾಳೇನೋ?"

"ಯಾಕ್ರಿ ಮಹಾರಾಜ? ಒಂದು ತಿಂಗಳಾಯ್ತು, ಕೆಮ್ಮು ಹಿಡದದ."

"ಕುದುರಿ ತಂದು ಎಷ್ಟಾಯ್ತು?"

ಧೊಂಡಿಬಾನ ಮುಖ ಬಿಳಿಚಿತು. "ಅದೂ ಒಂದು ತಿಂಗಳೇ ಆಯ್ತಲ್ರಿ," ಎಂದ.

"ಎದಿ ಮ್ಯಾಲಿನ ಈ ಸುಳಿ ಹೆಂಡತೀನ ತಿಂತದ," ಎಂದು ಮಚ್ಛೇಂದ್ರ ಇಡೀ ಬಜಾರಿಗೆ ಕೇಳುವಂತೆ ಸಾರಿದ. "ಇದನ್ನ ಕಟ್ಟಿದಂವನ ಮನ್ಯಾಗ ಯಜಮಾನಿ ವರ್ಷ ಕಾಣೂದಿಲ್ಲ."

ಸುತ್ತ ಇದ್ದವರು ಹಿಂದೆ ಸರಿದರು. (ಒಂದಿಬ್ಬರು ಮುಂದೆ ಬಂದು ಸುಳಿಯನ್ನು ಆಸೆಯಿಂದ ನೋಡಿದ್ದೂ ಉಂಟು.) ಸಣ್ಣ ದೋಷ ಹೇಳೆಂದರೆ ಇವನು ನನ್ನ ಮನೆಗೇ ಕೊಳ್ಳಿ ಇಟ್ಟನಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ಧೊಂಡಿಬಾ ಎಪ್ಪತ್ತಕ್ಕೆ ಇಳಿದ, ಅದರ ಜೊತೆ ನನ್ನ ಸಿಟ್ಟೂ ಇಳಿಯಿತು. ಹಗ್ಗ ನನ್ನ ಕೈಗೆ ಕೊಡುವಾಗ ಅವನ ಕಣ್ಣಲ್ಲಿ ನೀರು. ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ನನ್ನ ಕಾಲು ಮುಟ್ಟಲು ಬಂದ.

ದಾರಿಯಲ್ಲಿ ಹಲಬರ್ಗಾದ ಮನ್ಮಥಪ್ಪ ಊಟಕ್ಕೆ ನಿಲ್ಲಿಸಿಕೊಂಡ. ಹೊಲಮನೆ ಉಳ್ಳ ಕುಳ, ನನಗೆ ಬರೀ ಮುಖಪರಿಚಯ. ಬೇರೆ ದಿನವಾದರೆ ನೀರು ಬೇಕೇ ಎಂದು ಕೇಳುವಷ್ಟರಲ್ಲೇ ಬಾಗಿಲು ಹಾಕುವ ಮನುಷ್ಯ ಅಂದು ಹೋಳಿಗೆಯ ಮೇಲೆ ತುಪ್ಪದ ಧಾರೆ ನಿಲ್ಲಿಸಲೇ ಇಲ್ಲ. ಕುದುರೆ ಏರಿದವನ ಮರ್ಯಾದೆಯೇ ಬೇರೆ ಎಂದುಕೊಂಡು ಬೀಗುತ್ತ ಊರಿಗೆ ಬಂದೆ. ಬಜಾರಿನಿಂದ ಹೊರಟ ಬಂಡಿಗಳು ಸುಳಿಯ ಸುದ್ದಿ ಹೊತ್ತು ನನಗಿಂತ ಮುಂಚೆ ಆ ದಾರಿಯಲ್ಲಿ ಹೋಗಿವೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮನೆಯ ಹೊಸ್ತಿಲಲ್ಲಿ ಶಿವಕಾಂತಾ ಬಾಗಿಲ ಅಗುಳಿ ಹಿಡಿದು ನಿಂತಿದ್ದಳು.

"ಅದು ಒಳಗ ಬಂದ್ರ ನಾ ಚಿಂತಾಕಿಗಿ ಹೋಗ್ತೇನಿ. ಯಾರು ಬೇಕು ಹೇಳ್ರಿ."

ಅವಳನ್ನು ಒಳಗೆ ಕರೆದೊಯ್ದು ಪಿಸುಮಾತಿನಲ್ಲಿ ನಡೆದದ್ದೆಲ್ಲ ಹೇಳಿದೆ. ಮಚ್ಛೇಂದ್ರ, ಐದು ರೂಪಾಯಿ, ಉಪಾಯ, ಉಳಿತಾಯ. ಹೊಗಳುತ್ತಾಳೆ ಎಂಬ ಭ್ರಮೆಯೂ ನನಗಿತ್ತು.

"ಹಂಗಾದ್ರ ನಾಳಿ ಕಟ್ಟಿ ಮ್ಯಾಲ ನಿಂತು ಹತ್ತು ಮಂದಿ ಮುಂದ ಈ ಮಾತು ಹೇಳ್ರಿ," ಎಂದಳು.

"ಹುಚ್ಚಿ ಇದ್ದೀಯೇನು? ಧೊಂಡಿಬಾ ಓಡಿ ಬರ್ತಾನ. ಉಳಿದ ರೊಕ್ಕ ಕೊಡು, ಇಲ್ಲಾ ಕುದುರಿ ಕೊಡು ಅಂತಾನ. ಗಿರ್ದಾವರಿ ಮಣ್ಣುಗೂಡ್ತದ."

"ಅಂದ್ರ ನಿಮ್ಮ ಎಂಬತ್ತು ರೂಪಾಯಿ ಉಳೀಬೇಕು, ಊರ ಮಂದಿ ನಾ ಸಾಯೂದು ಕಾಯ್ಕೋತ ಕೂಡಬೇಕು. ಹಂಗೇನ್ರಿ?"

ಹಾಗೆ ಹೇಳಿದರೆ ಯಾವ ಮಾತಾದರೂ ಕೆಟ್ಟದಾಗಿಯೇ ಕೇಳಿಸುತ್ತದೆ. ನಾನು ಹೋಗಿ ಕುದುರೆಯನ್ನು ಬೀದಿಯ ಬೇವಿನ ಮರಕ್ಕೆ ಕಟ್ಟಿದೆ.

ಮರುದಿನದಿಂದ ಮನೆಗೆ ಜನವೋ ಜನ. ಪಕ್ಕದ ಮನೆಯ ಗುರಮ್ಮ ಸಜ್ಜಿಗೆ ತಂದು ಶಿವಕಾಂತಾಳ ಕೈ ಹಿಡಿದು ಕುಳಿತಳು. ಎಷ್ಟು ಒಳ್ಳೆಯವಳಾಗಿದ್ದೆ ಎಂದು ಭೂತಕಾಲದಲ್ಲಿ ಕೊಂಡಾಡಿದಳು. ಏಳುವಾಗ, "ನಿನ್ನ ಬೋರಮಾಳ ಸರ ಯಾರಿಗಿ ಅಂತ ಮಾಡೀಯವ್ವಾ? ನಮ್ಮ ಗೆಳೆತನ ನೆಪ್ಪಿರ್ಲಿ," ಎಂದಳು. ಅತ್ತ ಬೀದರಿನಿಂದ ಧೊಂಡಿಬಾ ಹೇಳಿ ಕಳಿಸಿದ: ಕುದುರೆ ಮನೆ ಬಿಟ್ಟ ದಿನದಿಂದ ಅವನ ಹೆಂಡತಿಯ ಕೆಮ್ಮು ನಿಂತಿದೆ, ನಮ್ಮ ಮನೆಯಲ್ಲಿ ಶುರುವಾಯಿತೇ ಎಂದು.

ಇದೆಲ್ಲದರ ಮೇಲೆ ಹಲಬರ್ಗಾದಿಂದ ಮನ್ಮಥಪ್ಪ ಬಂದ. ಬಾಳೆಹಣ್ಣು ಕೆಳಗಿಟ್ಟು, ಮಳೆ ಬೆಳೆ ಮಾತಾಡಿ, ಗಂಟಲು ಸರಿಪಡಿಸಿಕೊಂಡ.

"ಅವಸರ ಏನಿಲ್ರಿ. ಆಗೂದು ಆಗ್ಲಿ. ನಮ್ಮ ತಂಗಿ ಮಗಳು ಅದಾಳ. ನಿಮ್ಮ ಕಷ್ಟದಾಗ ಹೊರಗಿನವ್ರು ಯಾಕ ಬೇಕು?"

ಆ ಕ್ಷಣದಲ್ಲೇ ಅವನನ್ನು ಎಬ್ಬಿಸಿ ಕಳಿಸಬೇಕಾಗಿತ್ತು. ಆದರೆ ಓದುಗರೇ, ನಲವತ್ತು ದಾಟಿದ ಗಂಡಸನ್ನು ಯಾರಾದರೂ ವರ ಎಂದು ನೋಡಿದರೆ ಅವನ ಕೈ ಅವನ ಮಾತು ಕೇಳುವುದಿಲ್ಲ. ನನ್ನ ಕೈ ತಾನಾಗಿ ಏರಿ ತಲೆಯ ರುಮಾಲು ಸರಿಪಡಿಸಿತು. ಬಾಗಿಲ ಸಂದಿಯಿಂದ ಶಿವಕಾಂತಾ ನೋಡುತ್ತಿದ್ದಳು.

ಅವಳು ಅತ್ತಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸುಳಿಗಿ ಅಂಜಿದಾಕಿ ಅಲ್ಲ ನಾ. ಮಂದಿ ಬಾಯಿಗಿ ಅಂಜಿ ಹೊರಗ ಕಟ್ಟಸ್ದೆ," ಎಂದಳು. "ಆದ್ರ ನೀವು ರುಮಾಲಿಗಿ ಕೈ ಹಾಕಿದ್ರಲ್ಲ, ಅದನ್ನ ನೋಡಿ ಎದಿ ಒಡೀತು."

ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನವೇ ಬೀದರಿಗೆ ನಡೆದು (ಹೌದು, ಕುದುರೆ ಇದ್ದೂ ನಡೆದು, ಆ ಕುದುರೆಯ ಮೇಲೆ ಬೀದಿಯಲ್ಲಿ ಕಾಣಿಸಿಕೊಳ್ಳುವ ಧೈರ್ಯ ಉಳಿದಿರಲಿಲ್ಲ) ಮಚ್ಛೇಂದ್ರನನ್ನು ಹಿಡಿದೆ. ಸುಳಿ ಒಳ್ಳೆಯದೇ, ತಪ್ಪಿ ಹೇಳಿದೆ ಎಂದು ಒಂದು ಮಾತು ಸಾರಿಬಿಡು ಎಂದು ಬೇಡಿಕೊಂಡೆ. ಅವನು ಆಗದು ಎಂದು ತಲೆಯಾಡಿಸಿದ.

"ರೊಕ್ಕ ತಗೊಂಡಿದ್ದು ಖರೆ. ಸುಳ್ಳು ಹೇಳಬೇಕಂತ ಬಂದಿದ್ದೂ ಖರೆ. ಆದ್ರ ಬೆರಳಿಟ್ಟು ನೋಡಿದ್ರ ಆ ಸುಳಿ ಖರೇನ ಅಲ್ಲೇ ಅದರಿ. ನಾ ಏನ್ ಮಾಡ್ಲಿ?" ಎಂದು ಎದ್ದು ಹೋಗಿ ನನ್ನ ಐದು ರೂಪಾಯಿ ತಂದು ನನ್ನ ಕೈಯಲ್ಲೇ ಇಟ್ಟ. "ಖರೆ ಹೇಳಲಿಕ್ಕ ನಾ ಲಂಚ ತಗೊಳ್ಳೂದಿಲ್ಲ."

ಈ ಇಡೀ ವ್ಯವಹಾರದಲ್ಲಿ ನನ್ನನ್ನು ಹೆದರಿಸಿದ್ದು ಆ ವಾಪಸು ಬಂದ ಐದು ರೂಪಾಯಿ. ಬೀದರಿನಲ್ಲಿ ಯಾರೂ ಹಣ ಹಿಂದೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅಂದಿನಿಂದ ಶಿವಕಾಂತಾ ಒಗ್ಗರಣೆಗೆ ಸೀನಿದರೂ ನನ್ನ ಜೀವ ಬಾಯಿಗೆ ಬರತೊಡಗಿತು. ಕಷಾಯ ಕುದಿಸಿ ಕೊಟ್ಟೆ. ನೀರು ನಾನೇ ಸೇದಿದೆ. ಕುದುರೆ ಮಾರಿಬಿಡೋಣವೆಂದರೆ ಮದುವೆಯಾದವನು ಯಾವನೂ ಹತ್ತಿರ ಬರಲಿಲ್ಲ, ಮದುವೆಯಾಗದವನಿಗೆ ಹೆಣ್ಣು ಕೊಡುವವರು ಬಿಡಲಿಲ್ಲ. ಮಾರಿದರೂ ಸಾಹೇಬರಿಗೆ ತೋರಿಸಲು ಇನ್ನೊಂದು ಎಲ್ಲಿಂದ ತರಲಿ? ಅಷ್ಟರಲ್ಲಿ ನೂರೈವತ್ತರ ಕುದುರೆ ನೂರೆಂಬತ್ತಾಗಿತ್ತು.

ತಪಾಸಣೆಯ ಹಿಂದಿನ ದಿನ ಕಚೇರಿಯಿಂದ ಬಂದರೆ ಬೇವಿನ ಮರದ ಕೆಳಗೆ ಬರೀ ಲದ್ದಿ.

"ಕುದುರಿ ಎಲ್ಲಿ?"

"ಮಾರ್ದೆ. ಯಾಕೋಬ ಮಾಸ್ತರಗ. ನಲವತ್ತಕ್ಕ."

ಯಾಕೋಬ ಮಿಶನ್ ಸಾಲೆಯ ಮಾಸ್ತರ. ಭಾನುವಾರ ಹಳ್ಳಿಹಳ್ಳಿಗೆ ಹೋಗಿ ಪ್ರಾರ್ಥನೆ ನಡೆಸುವವನು.

"ನಾಳಿ ಸಾಹೇಬ್ರು ನೋಡ್ತಾರಲ್ಲೇ. ನನ್ನ ಗಿರ್ದಾವರಿ ಹೋಯ್ತು."

"ಎಲ್ಲಿ ಹೋಗ್ತದ? ಅದೇ ಕುದುರಿ ಬಾಡಿಗಿಗಿ ಹಿಡದೀನಿ. ಭಾನುವಾರ ಅವರಿಗಿ, ಉಳಿದ ದಿನ ನಿಮಗ. ತಿಂಗಳಿಗಿ ಎಂಟು ರೂಪಾಯಿ. ಸುಳಿ ಮಾಲಕನ ಮನಿ ನೋಡ್ತದ, ಬಾಡಿಗಿ ಹಿಡದಂವನ ಮನಿ ನೋಡೂದಿಲ್ಲ ಅಂತ ಗುರಮ್ಮನೂ ಒಪ್ಪ್ಯಾಳ."

ನನ್ನ ಭತ್ಯೆಯೂ ಸರಿಯಾಗಿ ಎಂಟೇ ರೂಪಾಯಿ ಎಂಬುದು ಅವಳಿಗೆ ಗೊತ್ತಿತ್ತು. ನಿನ್ನ ಹೆಂಡತಿಯ ಗತಿಯೇನು ಎಂದು ಯಾಕೋಬನನ್ನು ಕೇಳಿದೆ. "ನಮ್ಮ ಶಾಸ್ತ್ರದಾಗ ಕುದುರಿ ಭಾಳ ಅವರಿ, ಸುಳಿ ಮಾತ್ರ ಒಂದೂ ಇಲ್ಲ," ಎಂದ. ಅವನ ಹೆಂಡತಿ ಸಲೋಮಿ ಕುದುರೆಗೆ ಬೆಲ್ಲ ತಿನ್ನಿಸುತ್ತಿದ್ದಳು.

ಮರುದಿನ ಕಚೇರಿಯ ಅಂಗಳದಲ್ಲಿ ಕುದುರೆ ಏರಿ ಬಂದೆ. ತಹಸೀಲ್ದಾರ ಸಾಹೇಬರು ಹೈದರಾಬಾದಿನಿಂದ ಹೊಸದಾಗಿ ಬಂದವರು, ಊರ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ಕುದುರೆಯನ್ನು ಸುತ್ತು ಹಾಕಿ ನೋಡಿದರು. ಕುತ್ತಿಗೆ ಸವರಿದರು. ಆಮೇಲೆ, ಈ ದುಬಾರಿ ಕಾಲದಲ್ಲಿ ಇಂಥ ಜಾನುವಾರು ಸಿಗುವುದಿಲ್ಲ, ಮುನ್ನೂರು ಕೊಡುತ್ತೇನೆ, ನನಗೆ ಮಾರಿಬಿಡಿ, ನೀವು ಇನ್ನೊಂದು ನೋಡಿಕೊಳ್ಳಿ ಎಂದರು.

ಮುನ್ನೂರು! ನಿನ್ನೆ ನಲವತ್ತಕ್ಕೆ ಹೋದ ಕುದುರೆಗೆ! ಕುದುರೆ ನನ್ನದಲ್ಲ ಎಂದರೆ ಹುದ್ದೆ ಹೋಗುತ್ತದೆ, ನನ್ನದು ಎಂದರೆ ಮಾರಬೇಕಾಗುತ್ತದೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಮಾಫ್ ಮಾಡ್ಬೇಕು ಹುಜೂರ್. ನನ್ನ ಮನ್ಯಾಕಿ ಜೀವ ಎಲ್ಲಾ ಈ ಕುದುರಿ ಮ್ಯಾಲೇ ಅದ."

ಹಿಂದೆ ನಿಂತ ಕಾರಕೂನರೆಲ್ಲ ಒಟ್ಟಿಗೆ ಕೆಮ್ಮಿದರು. ಸಾಹೇಬರಿಗೆ ಮಾತ್ರ ಮನಸ್ಸು ಕರಗಿತು. ಹೆಂಡತಿಯ ಪ್ರೀತಿಗಾಗಿ ಮುನ್ನೂರು ರೂಪಾಯಿ ಬಿಟ್ಟ ಮನುಷ್ಯ ಸರ್ಕಾರಕ್ಕೆ ಮೋಸ ಮಾಡಲಾರ ಎಂದು ಅಲ್ಲಿಯೇ ದಸ್ತಖತ್ತು ಹಾಕಿದರು. ನಾನು ಗಿರ್ದಾವರನಾದೆ.

ಸಂಜೆ ಮನೆಗೆ ಬಂದು ಇಳಿದರೆ ಯಾಕೋಬ ಕಟ್ಟೆಯ ಮೇಲೆ ಕುಳಿತಿದ್ದ. ಶಿವಕಾಂತಾ ಅವನಿಗೆ ಚುರುಮುರಿ ಕೊಟ್ಟು ಕೂರಿಸಿದ್ದಳು.

"ಸಾಹೇಬ್ರು ಮುನ್ನೂರಕ್ಕ ಕೇಳಿದ್ರಂತಲ್ರಿ," ಎಂದ ಬಹಳ ವಿನಯದಿಂದ. "ನಾ ಎಂಟು ಅಂದಿದ್ದು ನಲವತ್ತರ ಕುದುರಿಗಿ. ಮುನ್ನೂರರ ಕುದುರಿಗಿ ಹನ್ನೆರಡಾದ್ರೂ ಆಗ್ಬೇಕಲ್ರಿ."

ನಾಲ್ಕು ರೂಪಾಯಿ ನನ್ನ ಸಂಬಳದಿಂದ ಹೋಗಬೇಕು. ಚೌಕಾಸಿಯಲ್ಲಿ ಶಿವಕಾಂತಾಳನ್ನು ಗೆದ್ದವರು ಭಾಲ್ಕಿಯಲ್ಲೇ ಇಲ್ಲ. ಆಸೆಯಿಂದ ಅವಳ ಕಡೆ ನೋಡಿದೆ. ಅವಳು ಕುದುರೆಯ ಎದೆ ಸವರುತ್ತ ನಿಂತಿದ್ದಳು.

"ಕೊಡ್ರಿ," ಎಂದಳು. "ನನ್ನ ಜೀವ ಎಲ್ಲಾ ಅದರ ಮ್ಯಾಲೇ ಅದ ಅಂತ ಕಚೇರಿ ತುಂಬಾ ನೀವ ಹೇಳೀರಂತಲ್ಲ."