ಹದಿನಾಲ್ಕು ಅಕ್ಷರದ ಆಸಾಮಿ

ಲಕೋಟೆಯ ಮೇಲಿದ್ದ ಹೆಸರನ್ನು ಪೋಸ್ಟ್‌ಮ್ಯಾನ್ ಮೊದಲ ಸಲ ಗಟ್ಟಿಯಾಗಿ ಓದಿದಾಗ, ಪಕ್ಕದಲ್ಲಿ ಕೂತಿದ್ದ ಪೋಸ್ಟ್‌ಮಾಸ್ಟರು "ನೆಗಡಿಯಾ?" ಎಂದು ಕೇಳಿದರು. ಎರಡನೇ ಸಲ ಓದಿದಾಗ ನೀರಿನ ಲೋಟವನ್ನು ಅವನತ್ತ ತಳ್ಳಿದರು.

ಹದಿನಾಲ್ಕು ಅಕ್ಷರದ ಹೆಸರು ಅದು. ಅದರಲ್ಲಿ ಐದು ಒತ್ತಕ್ಷರ. ಒಂದರ ಕೆಳಗಂತೂ ಒತ್ತಿಗೆ ಇನ್ನೊಂದು ಒತ್ತು, ತುಂಬಿದ ಬಸ್ಸಿನ ಬಾಗಿಲಲ್ಲಿ ನೇತಾಡುವವರ ಹಾಗೆ ಜೋತುಬಿದ್ದಿತ್ತು. ಹೆಸರಿನ ಕೆಳಗೆ 'ಮನೆ ನಂಬರ್ 1', ಅದರ ಕೆಳಗೆ ಊರ ಹೆಸರು, ಅಷ್ಟೇ. ಬೀದಿ ಯಾವುದು, ಯಾರ ಮಗ, ಯಾರ ಗಂಡ, ಏನೂ ಇಲ್ಲ. ಕಳುಹಿಸಿದವರು ಯಾರೆಂದು ನೋಡೋಣವೆಂದರೆ ಆ ಜಾಗದ ಠಸ್ಸೆ ಮಸಿ ಹರಡಿಕೊಂಡು ಜಜ್ಜಿದ ಜಿರಲೆಯಂತಾಗಿತ್ತು.

"ರಿಜಿಸ್ಟರ್ ಕಾಗದ," ಎಂದರು ಪೋಸ್ಟ್‌ಮಾಸ್ಟರು. ಆರು ತಿಂಗಳ ಹಿಂದೆ ವರ್ಗವಾಗಿ ಬಂದಾಗಿನಿಂದ ಅವರು ಕುರ್ಚಿ ಬಿಟ್ಟು ಎದ್ದವರಲ್ಲ. "ಇವತ್ತು ತಿಂಗಳ ಕೊನೇ ದಿನ. ಐದು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ನೆನಪಿದೆ ತಾನೆ?"

ಮರೆಯುವ ಮಾತೇ ಇರಲಿಲ್ಲ. ಊರಿಗೆ ಎರಡನೇ ಪೋಸ್ಟ್‌ಮ್ಯಾನ್ ಬೇಕೆಂದು ಅವನು ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದ. ಹೋದ ಸಲ ಬಂದಾಗ ಇನ್ಸ್‌ಪೆಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಈ ತಿಂಗಳು ಒಂದೇ ಒಂದು ರಿಜಿಸ್ಟರ್ ಕಾಗದ ವಾಪಸ್ ಹೋದ್ರೂ ನಿಮ್ಮ ಅರ್ಜಿ ಕಸದ ಬುಟ್ಟಿಗೆ. ಇರೋ ಕೆಲಸಾನೇ ಮಾಡಲಾರದವರಿಗೆ ಜೊತೆಗೊಬ್ಬರು ಯಾಕ್ರೀ?"

ಅವನು ಕೆಲಸಕ್ಕೆ ಸೇರಿದಾಗ ಊರಲ್ಲಿ ಇದ್ದದ್ದು ನಲವತ್ತು ಮನೆ. ಕಣ್ಣುಮುಚ್ಚಿ ಕಾಗದ ಹಂಚಬಹುದಿತ್ತು. ಆಮೇಲೆ, ಇಪ್ಪತ್ತಾರು ವರ್ಷದ ಹಿಂದೆ, ಸಮುದ್ರದ ಆಚೆಯಿಂದ ಒಬ್ಬ ಮನುಷ್ಯ ಒಂದು ಟ್ರಂಕು, ಒಂದು ಸುತ್ತಿಗೆ ಹಿಡಿದು ಬಂದಿಳಿದ. ಊರಾಚೆಯ ಬೋಳುಗುಡ್ಡದ ಕಲ್ಲನ್ನು ಒಂದೊಂದಾಗಿ ಬಡಿಯತೊಡಗಿದ. ಜನ ತಲೆ ಕೆಟ್ಟಿದೆ ಎಂದುಕೊಂಡರು. ಎರಡು ವರ್ಷ ಬಡಿದ ಮೇಲೆ ಗುಡ್ಡದಲ್ಲಿ ತಾಮ್ರ ಸಿಕ್ಕಿತು. ಅಲ್ಲಿಂದ ಜನ ಅವರನ್ನು 'ಸುತ್ತಿಗೆ ಸಾಹುಕಾರರು' ಎಂದು ಬಹುವಚನದಲ್ಲಿ ಕರೆಯತೊಡಗಿದರು. ಗಣಿ ಬಂತು, ಗಣಿಯ ಹಿಂದೆ ಕೆಲಸಗಾರರು, ಅವರ ಹಿಂದೆ ಅಂಗಡಿಗಳು, ಶಾಲೆ, ಆಸ್ಪತ್ರೆ. ನಲವತ್ತು ಮನೆ ಎರಡು ಸಾವಿರವಾಯಿತು. ಪೋಸ್ಟ್‌ಮ್ಯಾನ್ ಮಾತ್ರ ಒಬ್ಬನೇ ಉಳಿದ. ಅವನ ಮೊಣಕಾಲುಗಳು ಸೈಕಲ್ಲಿಗಿಂತ ಜೋರಾಗಿ ಕಿರುಗುಟ್ಟುತ್ತಿದ್ದವು.

ಇನ್ನು ಮನೆ ನಂಬರಿನ ಕತೆ. ಮನೆ ಕಟ್ಟಿದಾಗಲೆಲ್ಲ ಕಟ್ಟಿದವರೇ ತಮಗೆ ಇಷ್ಟ ಬಂದ ನಂಬರು ಬರೆದುಕೊಂಡಿದ್ದರು. ಏಳರ ಪಕ್ಕ ನಾನೂರ ಹನ್ನೆರಡು, ಅದರ ಪಕ್ಕ ಮತ್ತೆ ಏಳು. ಒಂದನೇ ನಂಬರಿನ ಮನೆಗಳು ಊರಲ್ಲಿ ಹನ್ನೊಂದಿದ್ದವು.

ಮೊದಲ ಒಂದನೇ ನಂಬರು ಕ್ಷೌರದ ಅಂಗಡಿ. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಲಕೋಟೆ ಇಸಿದುಕೊಂಡ. ತುಟಿ ಅಲ್ಲಾಡಿಸಿದ. ಕಣ್ಣು ಕಿರಿದು ಮಾಡಿದ.

"ನನ್ನ ಹೆಸರಂತೂ ಅಲ್ಲ ಪೋಸ್ಟ್‌ಮ್ಯಾನಣ್ಣ. ಆದ್ರೆ ಇಷ್ಟುದ್ದ ಹೆಸರಿಗೆ ರಿಜಿಸ್ಟರ್ ಕಾಗದ ಬಂದಿದೆ ಅಂದ್ರೆ ಇದು ಆಸ್ತಿ ವಿಷಯಾನೇ. ಹೊರದೇಶದ ಯಾವ್ದೋ ದೊಡ್ಡಪ್ಪ ಸತ್ತಿರಬೇಕು."

"ಸುಮ್ನಿರಪ್ಪ. ಯಾರಿಗೂ ಹೇಳ್ಬೇಡ."

"ಛೆ ಛೆ, ನಾನ್ಯಾಕೆ ಹೇಳ್ಲಿ!"

ಪೋಸ್ಟ್‌ಮ್ಯಾನ್ ಐದನೇ ಒಂದನೇ ನಂಬರಿಗೆ ತಲುಪುವ ಹೊತ್ತಿಗೆ ಅವನ ಹಿಂದೆ ಮೂವತ್ತು ಜನ ಇದ್ದರು. ಎಂಟನೆಯದಕ್ಕೆ ಬರುವಷ್ಟರಲ್ಲಿ ನಾಲ್ವರು ಆ ಹೆಸರು ತಮ್ಮದೇ ಎಂದು ಆಣೆ ಇಡುತ್ತಿದ್ದರು. ದರ್ಜಿ ಅದು ತನ್ನ ಮುತ್ತಾತನ ಕಡೆಯ ಹೆಸರೆಂದ. ಬೇಕರಿಯವಳು ತನ್ನನ್ನು ತೊಟ್ಟಿಲಲ್ಲಿ ಹಾಗೇ ಕರೆಯುತ್ತಿದ್ದರೆಂದಳು.

ಎಂಟನೇ ಮನೆ ಟೀಚರಮ್ಮನದು. ನಿವೃತ್ತರಾಗಿ ಹತ್ತು ವರ್ಷವಾದರೂ ಊರಿಡೀ ಇನ್ನೂ ತಮ್ಮ ತರಗತಿಯೇ ಎಂದುಕೊಂಡಿದ್ದವರು. ಅವರು ಕನ್ನಡಕ ಹಾಕಿಕೊಂಡು ಲಕೋಟೆ ನೋಡಿದರು.

"ಇದು ಹೆಸರಲ್ಲಪ್ಪ. ಎರಡು ಊರು, ಮಧ್ಯ ಒಂದು ನದಿ."

"ಮನುಷ್ಯರ ಹೆಸರೇ ಟೀಚರಮ್ಮ. ಮೊದಲಿಗೆ 'ಶ್ರೀ' ಅಂತಿದೆ."

"ಹೌದಾ? ಹಾಗಾದ್ರೆ ಪರೀಕ್ಷೆ ಮಾಡೇ ಬಿಡೋಣ. ತನ್ನ ಹೆಸರು ತಾನು ತಪ್ಪಿಲ್ಲದೆ ಹೇಳಲಾರದವರು ಯಾರಿದ್ದಾರೆ? ಒಬ್ಬೊಬ್ಬರಾಗಿ ಬನ್ನಿ."

ನಾಲ್ವರೂ ಸಾಲಾಗಿ ನಿಂತರು. ದರ್ಜಿ ಮೂರನೇ ಅಕ್ಷರದಲ್ಲಿ ಎಡವಿದ. ಬೇಕರಿಯವಳು ಐದನೆಯದರಲ್ಲಿ ನಾಲಿಗೆ ಕಚ್ಚಿಕೊಂಡಳು. ಮೂರನೆಯವನಿಗೆ ಬಿಕ್ಕಳಿಕೆ ಶುರುವಾಗಿ ನಿಲ್ಲಲೇ ಇಲ್ಲ. ನಾಲ್ಕನೆಯ ಮುದುಕ ಆರರವರೆಗೆ ಹೋಗಿದ್ದ. ಏಳನೆಯ ಅಕ್ಷರದೊಂದಿಗೆ ಅವನ ಕಟ್ಟಿಸಿದ ಹಲ್ಲಿನ ಸೆಟ್ಟೂ ಹೊರಗೆ ಬಂತು. ಅದನ್ನು ಹುಡುಕುವುದರಲ್ಲಿ ಮುಕ್ಕಾಲು ಗಂಟೆ ಹಾಳಾಯಿತು.

ಉಳಿದ ಮೂರೂ ಒಂದನೇ ನಂಬರುಗಳು ಮುಗಿದಾಗ ಗಂಟೆ ಮೂರು. ತಲೆಯೊಳಗೆ ಹದಿನಾಲ್ಕು ಅಕ್ಷರಗಳೂ ಜಗಳವಾಡುತ್ತಿದ್ದವು. ಒಂದು ಕ್ಷಣ ಪೋಸ್ಟ್‌ಮ್ಯಾನನಿಗೆ ಅದು ತನ್ನದೇ ಹೆಸರಿರಬಹುದೇ ಎಂಬ ಅನುಮಾನವೂ ಬಂತು.

ಗದ್ದಲ ಕೇಳಿ ಗಣಿಯಿಂದ ಸುತ್ತಿಗೆ ಸಾಹುಕಾರರೇ ಇಳಿದು ಬಂದರು. ಎರಡು ಸಾವಿರ ಮನೆ ಏಳಿಸಿದವರು ತಾವು ಮಾತ್ರ ಇನ್ನೂ ಗಣಿಯ ಬಾಯಲ್ಲಿದ್ದ ತಗಡಿನ ಶೆಡ್ಡಿನಲ್ಲೇ ಇದ್ದರು. ಅದಕ್ಕೆ ನಂಬರೇ ಇರಲಿಲ್ಲ. ಈ ಊರಿನ ಮಾತನ್ನು ಅವರಿಗೆ ಕಲಿಸಿದ್ದು ಹಿಂದೆ ಊಟದ ಮನೆ ನಡೆಸುತ್ತಿದ್ದ ಒಬ್ಬ ಅಜ್ಜಿ. ಅಜ್ಜಿಗೆ ಐದು ಹೆಣ್ಣುಮಕ್ಕಳು. ದಿನವಿಡೀ ಅವರ ಸುದ್ದಿಯನ್ನೇ ಹೇಳುತ್ತಿದ್ದಳು. ಹೀಗಾಗಿ ಸಾಹುಕಾರರ ಬಾಯಲ್ಲಿ ಲೋಕದ ಗಂಡಸರೆಲ್ಲ ಹೆಂಗಸರೇ. ಕೇಳಿ ಕೇಳಿ ಊರಿಗೆ ಅಭ್ಯಾಸವಾಗಿತ್ತು.

"ಏನು ಗಲಾಟೆ? ಪೋಸ್ಟ್‌ಮ್ಯಾನ್ ಯಾಕೆ ಅಳ್ತಾಳೆ?"

ಸಾಹುಕಾರರಿಗೆ ಈ ಊರಿನ ಲಿಪಿ ಓದಲು ಬಾರದು. ಪೋಸ್ಟ್‌ಮ್ಯಾನ್ ಉಸಿರು ಎಳೆದುಕೊಂಡು ಹೆಸರನ್ನು ಓದಿ ಹೇಳಿದ. ಸಾಹುಕಾರರು ಗಂಭೀರವಾಗಿ ಕೇಳಿಸಿಕೊಂಡರು.

"ಪಾಪ. ಬಹಳ ಕಷ್ಟದ್ದು," ಎಂದರು. "ನನ್ನ ಕೆಲಸದವರಲ್ಲಿ ಇರ್ತಾಳೆ. ಹುಡುಕೋಣ."

ಕಾಗದ ಅವರಿಗೇ ಬಂದಿರಬಹುದೆಂದು ಪೋಸ್ಟ್‌ಮ್ಯಾನನಿಗೆ ಹೊಳೆಯಲಿಲ್ಲ. ಹೊಳೆಯುವಂತೆಯೂ ಇರಲಿಲ್ಲ. ಸಾಹುಕಾರರಿಗೆ ಬರುವ ಕಾಗದಗಳ ಮೇಲೆ ಇರುವೆ ಸಾಲಿನಂಥ ಅವರ ನಾಡಿನ ಅಕ್ಷರ ಇರುತ್ತಿತ್ತು. ಓದಲು ಬಾರದ ಕಾಗದವೆಂದರೆ ಸಾಹುಕಾರರದು ಎಂಬುದು ಅವನ ಇಪ್ಪತ್ತಾರು ವರ್ಷದ ಲೆಕ್ಕ. ಇದು ಹೇಗೋ ಓದಲು ಬರುತ್ತಿತ್ತಲ್ಲ!

ಸಾಹುಕಾರರು ಗಣಿಯ ಸೈರನ್ ಊದಿಸಿದರು. ಏನೋ ಕುಸಿಯಿತೆಂದು ಆಸ್ಪತ್ರೆಯ ಗಾಡಿ ಓಡಿಬಂತು. ಮುನ್ನೂರು ಕೆಲಸಗಾರರು ಮಣ್ಣು ಮೆತ್ತಿದ ಮುಖ ಹೊತ್ತು ಸಾಲಾಗಿ ನಿಂತರು. ಪೋಸ್ಟ್‌ಮ್ಯಾನ್ ಕಲ್ಲಿನ ಗಾಡಿ ಹತ್ತಿ ಮೂರು ಸಲ ಹೆಸರು ಕೂಗಿದ. ಯಾರೂ ಕೈ ಎತ್ತಲಿಲ್ಲ. ಗಾಡಿಯಲ್ಲಿ ಬಂದಿದ್ದ ನರ್ಸಮ್ಮ ಮಾತ್ರ ಅವನ ಗಂಟಲು ನೋಡಬೇಕೆಂದು ಹಟ ಹಿಡಿದರು.

ನಾಲ್ಕೂವರೆಗೆ ಇಡೀ ಮೆರವಣಿಗೆ ಅಂಚೆ ಕಚೇರಿಗೆ ಬಂತು. ಪೋಸ್ಟ್‌ಮಾಸ್ಟರು ನಿಟ್ಟುಸಿರು ಬಿಟ್ಟು ನಿಯಮದ ಪುಸ್ತಕ ತೆಗೆದರು.

"'ಈ ಹೆಸರಿನವರು ಈ ಊರಲ್ಲಿ ಇಲ್ಲ' ಅಂತ ಷರಾ ಬರೀರಿ. ಇಬ್ಬರು ಗೌರವಸ್ಥರು ಸಾಕ್ಷಿ ಹಾಕ್ಬೇಕು."

ನಾಲ್ಕು ವರ್ಷದ ಅರ್ಜಿ ಮಣ್ಣುಪಾಲಾಯಿತೆಂದುಕೊಳ್ಳುತ್ತ ಪೋಸ್ಟ್‌ಮ್ಯಾನ್ ಷರಾ ಬರೆದ. ಟೀಚರಮ್ಮ ಗುಂಡಗೆ ರುಜು ಮಾಡಿದರು. ಸಾಹುಕಾರರೂ ಲೇಖನಿ ಹಿಡಿದು, ಅಂಥವರು ಇಲ್ಲವೇ ಇಲ್ಲ ಎಂದು ತಲೆಯಾಡಿಸುತ್ತ, ತಮ್ಮ ಇರುವೆ ಅಕ್ಷರದಲ್ಲಿ ರುಜು ಹಾಕಿದರು.

"ಬೇರೆ ಲಿಪಿಯ ರುಜು ಆದ್ರೆ ಪಕ್ಕದಲ್ಲಿ ನಮ್ಮ ಲಿಪಿಯಲ್ಲಿ ಪೂರ್ತಿ ಹೆಸರು ಬೇಕು," ಎಂದರು ಪೋಸ್ಟ್‌ಮಾಸ್ಟರು.

"ನಿಮ್ಮ ಪೂರ್ತಿ ಹೆಸರು ಹೇಳಿ ಸಾಹುಕಾರ್ರೇ, ನಿಧಾನವಾಗಿ," ಎಂದ ಪೋಸ್ಟ್‌ಮ್ಯಾನ್.

ಸಾಹುಕಾರರು ಬಿಡಿಬಿಡಿಯಾಗಿ ಹೇಳುತ್ತ ಹೋದರು. ಅವರ ಬಾಯಲ್ಲಿ ಅದು ಹಾಡಿನ ಹಾಗೆ ಕೇಳಿಸುತ್ತಿತ್ತು. ಪೋಸ್ಟ್‌ಮ್ಯಾನ್ ಒಂದೊಂದೇ ಅಕ್ಷರ ಬರೆದ. ನಾಲ್ಕನೆಯದಕ್ಕೆ ಒತ್ತು ಕೊಟ್ಟ. ಏಳನೆಯದಕ್ಕೆ ಒತ್ತು, ಒತ್ತಿಗೊಂದು ಒತ್ತು. ಅಲ್ಲಿ ಅವನ ಕೈ ನಿಂತಿತು. ಲಕೋಟೆ ನೋಡಿದ. ತಾನು ಬರೆದದ್ದನ್ನು ನೋಡಿದ. ಸಾಹುಕಾರರ ಮುಖ ನೋಡಿದ.

"ಸಾಹುಕಾರ್ರೇ! ಇದು ನೀವೇ!"

"ನಾನಾ?" ಸಾಹುಕಾರರು ಕಂಗಾಲಾದರು. "ಇಷ್ಟು ಹೊತ್ತು ನೀನು ಓದಿದ್ದು ನನ್ನ ಹೆಸರಾ? ನಾನು ಯಾವುದೋ ಕಾಯಿಲೆ ಅಂದ್ಕೊಂಡೆ!"

ಕಚೇರಿ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಪೋಸ್ಟ್‌ಮ್ಯಾನ್ ಷರಾ ಹೊಡೆದುಹಾಕಿ ಕಾಗದ ಕೊಟ್ಟ. ಸಾಹುಕಾರರು ಅದನ್ನು ಒಡೆದು ಅವನ ಕೈಗೇ ಕೊಟ್ಟರು. "ನೀನೇ ಓದು."

ಕಾಗದ ಅಂಚೆ ಇಲಾಖೆಯದೇ ಆಗಿತ್ತು. ಊರು ಬೆಳೆಸಿದವರ ಮನೆ ಒಂದನೇ ನಂಬರಲ್ಲದೆ ಇನ್ನೇನೆಂದು ಅಲ್ಲಿ ಯಾರೋ ವಿಳಾಸ ಬರೆದುಬಿಟ್ಟಿದ್ದರು. ಪೋಸ್ಟ್‌ಮ್ಯಾನ್ ಓದಿದ: "ಮಾನ್ಯರೇ, ತಮ್ಮ ಊರಿಗೆ ಎರಡನೇ ಪೋಸ್ಟ್‌ಮ್ಯಾನ್ ನೇಮಿಸುವ ವಿಷಯ ಪರಿಶೀಲನೆಯಲ್ಲಿದೆ. ಆ ಊರನ್ನು ಬೆಳೆಸಿದ ತಮ್ಮ ಅಭಿಪ್ರಾಯದಂತೆ ನಡೆದುಕೊಳ್ಳಲಾಗುವುದು. ಈಗಿರುವ ಒಬ್ಬರೇ ಸಾಕೋ ಸಾಲದೋ ಎಂಬುದನ್ನು ಬರೆದು ನಮ್ಮ ಇನ್ಸ್‌ಪೆಕ್ಟರರ ಕೈಗೆ ಕೊಡಬೇಕಾಗಿ ವಿನಂತಿ."

ಅವನು ಲೇಖನಿ ಹಿಡಿದು ಸಿದ್ಧನಾಗಿ ಕೂತ. ಇನ್ನೇನು ಬೇಕು! ಸಾಹುಕಾರರೇ ಕಣ್ಣಾರೆ ಅವನ ಪಾಡು ನೋಡಿದ್ದಾರೆ.

"ಬರಿ," ಎಂದರು ಸಾಹುಕಾರರು. ಅವರ ಕಣ್ಣು ತುಂಬಿತ್ತು. "ನಾನು ಈ ಊರಿಗೆ ಬಂದು ಇಪ್ಪತ್ತಾರು ವರ್ಷ. ಒಬ್ಬಳೂ ನನ್ನ ಹೆಸರು ಪೂರ್ತಿ ಕರೆದಿಲ್ಲ. ಇವತ್ತು ಇವಳು ಕರೆದಳು. ಬೀದಿ ಬೀದೀಲಿ ಕರೆದಳು. ಎರಡು ಸಾವಿರ ಮನೇಲಿ ನನ್ನ ಹುಡುಕಿ ಕಾಗದ ಕೊಟ್ಟಳು. ಇಂಥವಳು ಇರುವಾಗ ಇನ್ನೊಬ್ಬಳು ಯಾಕೆ? ಬರಿ: ಇವಳು ಒಬ್ಬಳೇ ಸಾಕು."

ಪೋಸ್ಟ್‌ಮ್ಯಾನನ ಕೈ 'ಇವರೊಬ್ಬರೇ' ಎಂದು ಬರೆಯಿತು. 'ಸಾ' ಎಂದು ಬರೆಯಿತು. ಅಲ್ಲಿ ನಿಂತಿತು. ಸಾಹುಕಾರರಿಗೆ ಓದಲು ಬಾರದು. ಮುಂದೆ 'ಲದು' ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಲೇಖನಿ ಮೆಲ್ಲನೆ 'ಲ'ದ ಕಡೆ ಹೊರಳಿತು.

"ಏಯ್, ಅದ್ಯಾಕೆ 'ಲ' ಬರೀತೀಯಾ?" ಭುಜದ ಮೇಲಿಂದ ಟೀಚರಮ್ಮನ ದನಿ. "ಕು! ಕಕಾರಕ್ಕೆ ಕೊಂಬು! ಹೊಡೆದುಹಾಕು, ಹೊಡೆದುಹಾಕು."

"ಪಾಪ, ಆನಂದಕ್ಕೆ ಕೈ ತಪ್ಪಿದೆ," ಎಂದ ಕ್ಷೌರದವನು.

ಪೋಸ್ಟ್‌ಮ್ಯಾನ್ ಹೊಡೆದುಹಾಕಿ, ಕಕಾರಕ್ಕೆ ಕೊಂಬು ಕೊಟ್ಟ.

ಐದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರು ಬಂದರು. ಅಭಿಪ್ರಾಯ ಓದಿ, ಪೋಸ್ಟ್‌ಮ್ಯಾನನ ಕೈ ಹಿಡಿದು ಕುಲುಕಿ, "ಇಲಾಖೆಗೆ ಹೆಮ್ಮೆ ಕಣ್ರೀ," ಎಂದರು. ಗುಡ್ಡದ ಆಚೆ ಹೊಸ ಗಣಿ ತೆರೆಯುತ್ತಿರುವುದಾಗಿಯೂ, ಬರುವ ತಿಂಗಳು ಅಲ್ಲಿ ಎಂಬತ್ತು ಮನೆ ಏಳುವುದಾಗಿಯೂ ಸಾಹುಕಾರರು ಅವರಿಗೆ ತಿಳಿಸಿದರು. ದೂರ ಆರು ಮೈಲಿ. ಏರು ಸ್ವಲ್ಪ ಕಡಿದು.

ಪೋಸ್ಟ್‌ಮ್ಯಾನ್ ಸೈಕಲ್ ತಳ್ಳಿಕೊಂಡು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಾಯ್ತ್ರೀ? ಇನ್ನೊಬ್ಬರನ್ನ ಹಾಕ್ತಾರಂತಾ?"

"ಊರಿಗೆ ಊರೇ ಸೇರಿ ನನ್ನ ಹೊಗಳ್ತು ಕಣೇ."

ಅವಳು ಅವನ ಮುಖವನ್ನೊಮ್ಮೆ, ಮೊಣಕಾಲನ್ನೊಮ್ಮೆ ನೋಡಿದಳು.

"ಅಯ್ಯೋ, ಹೊಗಳಿಬಿಟ್ರಾ!" ಎಂದು ನೀರು ಕಾಯಿಸಲು ಒಳಗೆ ಹೋದಳು.