ಪೆನ್ಶನ್ನಿಗೆ ಅತ್ತೆಯ ಸಾಕ್ಷಿ

ದುಂಡಪ್ಪನನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ಹುಡುಗನ ಗಿಡ್ಡ ಮೈಕಟ್ಟು ನೋಡಿ ಅಂದಾಜಿನ ಮೇಲೆ ಹುಟ್ಟಿದ ತಾರೀಕು ಬರೆದುಬಿಟ್ಟರು. ಜೂನ್ ಒಂದು. ಅದರಲ್ಲೇನೂ ವಿಶೇಷವಿಲ್ಲ, ನಮ್ಮ ಕಡೆ ಆ ಕಾಲದಲ್ಲಿ ಶಾಲೆಗೆ ಹೋದವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಆದರೆ ಪುಣ್ಯಾತ್ಮರು ಮೂರು ವರ್ಷವನ್ನೂ ನುಂಗಿ ನೀರು ಕುಡಿದಿದ್ದರು. ಹೀಗಾಗಿ ದುಂಡಪ್ಪನಿಗೆ ಖರೇ ವಯಸ್ಸು ಅರವತ್ತೇಳಾದರೂ ಪಾಸ್‌ಪೋರ್ಟಿನಲ್ಲಿ ಇನ್ನೂ ಅರವತ್ತನಾಲ್ಕು. ಅರವತ್ತೇಳಕ್ಕೆ ಸಿಗುವ ಇಂಗ್ಲೆಂಡಿನ ಸರಕಾರಿ ಪೆನ್ಶನ್ ಬೇಕೆಂದರೆ ಇನ್ನೂ ಮೂರು ವರ್ಷ ಕಾಯಬೇಕು.

ಅಲ್ಲಿಯ ಲೆಸ್ಟರಿನ ಬಿಸ್ಕೀಟು ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದ ಅವನು ಮದುವೆಯಾಗುವುದನ್ನೇ ಮರೆತಿದ್ದ. ಕೆಲಸ ಬಿಟ್ಟು ಅಲೆದಾಡಿದ ಖಾಲಿ ವರ್ಷಗಳಿಗೆ ಕೈಯಿಂದ ಹಣ ಕಟ್ಟಿ ಪೆನ್ಶನ್ ಏನೋ ದಪ್ಪ ಮಾಡಿಕೊಂಡಿದ್ದ, ಆದರೆ ಆ ಭರದಲ್ಲಿ ಉಳಿತಾಯ ಸಣ್ಣಗಾಗಿತ್ತು. ಈಗ ಬೆಳಗಾವಿಯ ಅನಗೋಳದಲ್ಲಿ ಖಾರದ ಗಿರಣಿಯ ಮೇಲಿನ ಬಾಡಿಗೆ ಖೋಲಿಯಲ್ಲಿ ಸೀನುತ್ತ ಕನಸು ಕಾಣುತ್ತಿದ್ದ. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಒಂದು ಹೆಂಚಿನ ಮನೆ. ಅಂಗಳದಲ್ಲಿ ಆರಾಮ ಕುರ್ಚಿ. ನದಿಯ ಮೇಲೆ ಮಂಜು ಮೆಲ್ಲಗೆ ಏಳುತ್ತಿದೆ, ಕೈಯಲ್ಲಿ ಚಹಾದ ಕಪ್ಪು… ಅಷ್ಟರಲ್ಲಿ ಕೆಳಗೆ ಬ್ಯಾಡಗಿ ಮೆಣಸಿನಕಾಯಿ ಬೀಳುತ್ತಿತ್ತು. ಆಕ್ಷೀ! ನದಿ, ಮಂಜು ಎಲ್ಲ ಮಾಯ.

ಆ ಮನೆ ಖಾನಾಪುರದ ಕಲ್ಮೇಶನದು, ಬಾಡಿಗೆಗೆ ಕೊಡುವವನಿದ್ದ. "ಪೆನ್ಶನ್ ಸುರು ಆದ್ರ ಕೀಲಿ ನಿಮ್ಮ ಕೈಯಾಗ. ಇಲ್ಲಂದ್ರ ಗೋವಾದವರು ಕೇಳಾಕತ್ತಾರ್ರಿ" ಎಂದಿದ್ದ.

"ವಯಸ್ಸು ತಪ್ಪೈತಿ ಅಂತ ಬರೀರಿ ಕಾಕಾ" ಎಂದು ಹಚ್ಚಿಕೊಟ್ಟವನು ಗಿರಣಿಯ ಬೀರೇಶ. ಬರೆದದ್ದಾಯಿತು. ಇಂಗ್ಲೆಂಡಿನ ಪೆನ್ಶನ್ ಕಚೇರಿಯಿಂದ ಉತ್ತರವೂ ಬಂತು: ನೀವು ಹುಟ್ಟಿದ್ದನ್ನು ಕಂಡವರಿದ್ದರೆ ಬುಧವಾರ ಮಧ್ಯಾಹ್ನ ಫೋನಿನಲ್ಲಿ ವಿಚಾರಿಸುತ್ತೇವೆ, ಕನ್ನಡ ಬಲ್ಲವರೂ ಇರುತ್ತಾರೆ, ಸಾಕ್ಷಿಗೆ ಮೊದಲೇ ಏನೂ ಹೇಳಿಕೊಡಬಾರದು.

ಕಂಡವಳು ಒಬ್ಬಳೇ, ಖಾನಾಪುರದ ಸೋದರತ್ತೆ ಭರಮವ್ವ.

ಬುಧವಾರ ದುಂಡಪ್ಪ ಹೊಸ ಅಂಗಿ ತೊಟ್ಟು ಹೊರಟ. ಬೀರೇಶ ಗಿರಣಿ ಬಂದ್ ಮಾಡಿ ಬೆನ್ನು ಹತ್ತಿದ. ಎದುರುಮನೆ ಗೌರವ್ವ ಬಿಟ್ಟಾಳೆ? "ಹಿರ್ಯಾರ ಮನೀಗೆ ಖಾಲಿ ಕೈಲೆ ಹೋಗ್ತಾರೇನ್ರಿ?" ಎಂದು ಸಿಹಿ ಕುಂದಾದ ಡಬ್ಬಿ, ರವಿಕೆಗೆ ಜಂಪರ್ ಪೀಸು ಹಿಡಿದು ರೇಷ್ಮೆ ಸೀರೆಯಲ್ಲಿ ಬಂದಳು. ದೇಸೂರು ದಾಟುವಾಗ ಕಿಟಕಿಯ ಗಾಳಿಗೆ ದುಂಡಪ್ಪನ ಕಣ್ಣು ಮುಚ್ಚಿತು. ರೈಲು ದೋಣಿಯ ಹಾಗೆ ತೂಗುತ್ತಿತ್ತು, ಆರಾಮ ಕುರ್ಚಿ ನೀರಿನ ಮೇಲೆ ತೇಲಿ ಬರುತ್ತಿತ್ತು. ಎಂಥ ಸುಖದ ನಿದ್ದೆ ಅದು! ಗೌರವ್ವ ತಿವಿದು ಎಬ್ಬಿಸದಿದ್ದರೆ ಗೋವಾ ಸೇರುತ್ತಿದ್ದ.

ಕೀಲಿ ಹಿಡಿದ ಕಲ್ಮೇಶನೂ ಭರಮವ್ವನ ಪಡಸಾಲೆಗೆ ಬಂದು ಕೂತ. ಮುದುಕಿ ಕುಂದಾ ನೋಡಿದಳು, ರೇಷ್ಮೆ ಸೀರೆ ನೋಡಿದಳು, ಹೊಸ ಅಂಗಿ ನೋಡಿದಳು.

"ಏನೋ ದುಂಡ್ಯಾ, ಏನ ವಿಶೇಷ?"

"ಈಗ ಫೋನ್ ಬರತೈತಿ ಅತ್ತಿ. ಕೇಳಿದ್ದಕ್ಕ ಜವಾಬು ಕೊಡು, ಅಷ್ಟ."

ಹೇಳಿಕೊಟ್ಟಂತಾದೀತೆಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಫೋನು ಬಂತು. ಬೀರೇಶ ಸ್ಪೀಕರ್ ಹಾಕಿದ.

"ಅಜ್ಜಿ, ನಮಸ್ಕಾರ. ಇಂಗ್ಲೆಂಡಿಂದ ಮಾತಾಡ್ತಾ ಇದೀವಿ" ಎಂದಿತು ಮಧುರವಾದ ಹೆಣ್ಣುದನಿ. "ದುಂಡಪ್ಪ ಅವರು ನಿಮಗೆ ಚೆನ್ನಾಗಿ ಗೊತ್ತಾ?"

ಭರಮವ್ವ ಸೆರಗು ಸರಿಮಾಡಿಕೊಂಡಳು. "ಗೊತ್ತೇನ್ರಿ? ಹುಟ್ಟಿದಾಗ ಮೊದಲ ಎತ್ಕೊಂಡಾಕಿನ ನಾನು! ಬಂಗಾರದಂಥಾ ಹುಡುಗ. ಕುಡ್ಯಾಂಗಿಲ್ಲ, ಸೇದಂಗಿಲ್ಲ."

ದುಂಡಪ್ಪನಿಗೆ ಕಣ್ಣೀರೇ ಬಂತು. ಮಲಪ್ರಭೆಯ ಜುಳುಜುಳು ಕಿವಿಗೇ ಕೇಳಿಸಿತು.

"ಅವರಿಗೆ ಈಗ ಎಷ್ಟು ವಯಸ್ಸು ಅಜ್ಜಿ?"

"ವಯಸ್ಸೇನ ಮಹಾ ಆಗಿಲ್ಲ ಬಿಡ್ರಿ. ಮನ್ನಿ ಮನ್ನಿ ಐವತ್ತೆಂಟು ತುಂಬ್ಯಾವು."

ಬೀರೇಶನ ಕೈಯಿಂದ ಫೋನು ಜಾರಿ ತೆರೆದಿಟ್ಟ ಕುಂದಾದ ಡಬ್ಬಿಯಲ್ಲಿ ಬಿತ್ತು.

"ಅಜ್ಜಿ, ಖಚಿತವಾಗಿ ಗೊತ್ತಾ?" ಎಂದಿತು ಕುಂದಾ.

"ನಾ ಆಡಿಸಿದ ಕೂಸರಿ ಅದು! ಹಲ್ಲು ನೋಡ್ರಿ ಬೇಕಾದ್ರ, ಒಂದೂ ಬಿದ್ದಿಲ್ಲ."

ಆ ಕಡೆ ಇಂಗ್ಲಿಷಿನಲ್ಲಿ ಗುಸುಗುಸು ನಡೆಯಿತು. ಆಮೇಲೆ ಅದೇ ದನಿ, ಆದರೆ ಮಾಧುರ್ಯ ಇಳಿದಿತ್ತು: "ದುಂಡಪ್ಪ ಅವರೇ, ನಿಮ್ಮ ಸಾಕ್ಷಿಯೇ ನೀವು ಪಾಸ್‌ಪೋರ್ಟಿಗಿಂತ ಚಿಕ್ಕವರು ಅಂತಿದಾರೆ. ಈಗ ಆ ಅರವತ್ತನಾಲ್ಕಾದರೂ ನಿಜವೋ ಅಲ್ಲವೋ ವಿಚಾರಣೆ ಆಗಬೇಕು. ಅದು ಮುಗಿಯೋವರೆಗೆ ಪೆನ್ಶನ್ ಮಾತಿಲ್ಲ." ಫೋನು ಕಟ್ಟಾಯಿತು.

ಕಲ್ಮೇಶ ಕೀಲಿಯನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿ ಎದ್ದು ಹೋದ.

"ಅತ್ತಿ! ಏನ ಹೇಳಿದಿ ನೀ!" ದುಂಡಪ್ಪ ಅಳುವುದೊಂದು ಬಾಕಿ. "ನನ್ನ ವಯಸ್ಸು ನಿನಗ ಗೊತ್ತಿಲ್ಲೇನು?"

"ಗೊತ್ತಿಲ್ಲದ ಏನೋ ಹುಚ್ಚಪ್ಪಾ? ಅರವತ್ತೇಳು!" ಭರಮವ್ವ ಅವನ ಕಿವಿ ಹಿಂಡಿದಳು. "ಹೊಸಾ ಅಂಗಿ, ಸಿಹಿ, ನಾಕ ಮಂದಿ ಹಿರ್ಯಾರು. ಈ ವಯಸ್ಸಿನ್ಯಾಗರ ಬುದ್ಧಿ ಬಂತಲ್ಲ ಅಂತ ಎದಿ ತುಂಬಿ ಬಂತು ನನಗ. ಹೆಣ್ಣಿನ ಕಡೆಯವರು ವಯಸ್ಸು ಕೇಳಿದ್ರ ಖರೇ ಹೇಳ್ತಾರೇನು ಯಾರರ?"

ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುದುಕಿ ಸೋದರಳಿಯನ ಬಿಳಿ ತಲೆಯ ಮೇಲೆ ಪ್ರೀತಿಯಿಂದ ಕೈಯಾಡಿಸಿದಳು. "ಹೆಣ್ಣು ಬರೂದರೊಳಗ ಇದಕ್ಕೊಂದೀಟು ಬಣ್ಣಾ ಹಚ್ಚಿಕೋ ಮಗನ. ಐವತ್ತೆಂಟು ಅಂದಬಿಟ್ಟೀನಿ, ನನ್ನ ಮಾತು ಸುಳ್ಳಾಗಬಾರದು ನೋಡು."